ಮಾರಿಕುಪ್ಪಂನಲ್ಲಿ ಸೂಫ್ಲೆ

ಮೊದಲು ಬಾಗಿಲಿಗೆ ಬಟ್ಟೆ ಕಟ್ಟು, ಎಂದರು
ಅತ್ತೆ ಅಮಲೋರ್ಪವಂ.
ಅಗುಳಿಗೆ ಹಳೆಯ ಟವೆಲು ಸುತ್ತಿದೆ.
ಹಣ್ಣು, ಮೊಟ್ಟೆ, ಸಕ್ಕರೆ ಇನ್ನೂ ಚೀಲದಲ್ಲೇ ಇವೆ,
ಅಡುಗೆ ಆಗಲೇ ಶುರುವಾಗಿದೆ.

ಶ್ರೀನಿವಾಸಪುರದ ರಸಪುರಿ, ಮೂರು.
ಒಂದು ತೊಟ್ಟಿನ ಹತ್ತಿರ ಕಪ್ಪಿಟ್ಟಿತ್ತು.
ಆ ಭಾಗ ಕೊಯ್ದೆಸೆದು, ವಾಟೆ ಚೀಪಿದೆ,
ನಿಂತಲ್ಲೇ, ಯಾರೂ ನೋಡದ ಹಾಗೆ.
ರಸ ಹಿಂಡಿ ಸಣ್ಣ ಉರಿಯಲ್ಲಿ ಕಾಸು,
ನೀರಿರೋ ಹಣ್ಣು ಏಳೋಲ್ಲ ಮಗಳೇ, ಎನ್ನುತ್ತಾರೆ.
ಅಳತೆ ಕೇಳಿದರೆ ಅಂಗೈ ತೋರಿಸುತ್ತಾರೆ:
ಮೈದಾ ಈ ಗೆರೆವರೆಗೆ, ಬೆಣ್ಣೆ ಈ ಹೆಬ್ಬೆರಳಷ್ಟು.
ನನ್ನದು ಬೇತಮಂಗಲದ ಅಂಗೈ,
ಮುದ್ದೆ ಕಟ್ಟಿ ಕಟ್ಟಿ ಅಗಲವಾದದ್ದು,
ಗೆರೆಗಳೆಲ್ಲ ಬೇರೆ ಕಡೆ.

ಮೊಟ್ಟೆಯ ಬಿಳಿ ಬೇರೆ, ಹಳದಿ ಬೇರೆ.
ಪಾತ್ರೆಗೆ ನಿಂಬೆ ಹೋಳು ಉಜ್ಜಿ ಒರೆಸಿದೆ,
ಕೆಡಲು ಜಿಡ್ಡಿನ ಒಂದು ಚುಕ್ಕೆ ಸಾಕಂತೆ.
ಕಡೆದೆ, ಕಡೆದೆ.
ಮಜ್ಜಿಗೆ ಕಡೆದು ಗಟ್ಟಿಯಾದ ತೋಳು
ಹತ್ತೇ ನಿಮಿಷಕ್ಕೆ ಸೋತಿತು.
ಮೊದಲು ಸೋಪಿನ ನೊರೆ, ಆಮೇಲೆ ಹತ್ತಿ,
ಆಮೇಲೆ ಕಿಟಕಿಯಾಚೆಯ ಸೈನೈಡ್ ದಿಬ್ಬ,
ಬಿಸಿಲಿಗೆ ಅದೇ ಬಿಳುಪು, ಗಾಳಿ ಗೀಚಿದ ಅದೇ ಮಡಿಕೆ.
ಬಾಯಿಬಿಟ್ಟು ಹೇಳಲಿಲ್ಲ. ತಿನ್ನೋದರ ಮುಂದೆ
ಅಂಥ ಮಾತು ಆಡಬಾರದು.

ಪಾತ್ರೆಯನ್ನು ತಲೆಕೆಳಗು ಮಾಡಿ
ನನ್ನ ನೆತ್ತಿಯ ಮೇಲೇ ಹಿಡಿದರು ಅತ್ತೆ.
ಬೀಳಲಿಲ್ಲ.
ಹೂಂ, ಎಂದರು.
ಹನ್ನೊಂದು ವರ್ಷದಲ್ಲಿ ಮೊದಲ ಹೂಂ.

ಕಲಸಬೇಡ, ಮಡಚು.
ಸೀರೆ ಮಡಚಿದ ಹಾಗಲ್ಲ,
ನಿದ್ದೆಹೋದ ಕೂಸಿಗೆ ಹೊದಿಕೆ ಸರಿಮಾಡಿದ ಹಾಗೆ.

ಗುಂಡು ಓವನ್ನಿನ ಕೆಂಪು ದೀಪ ಹತ್ತಿತು.
ಅತ್ತೆ ಮೈದಾ ಮೆತ್ತಿದ ಕೈಯನ್ನೇ
ಗೋಡೆಗೆ ಒತ್ತಿ ನಿಂತರು.

ಅವರಪ್ಪ ಚಾಂಪಿಯನ್ ರೀಫಿನ ಬಂಗಲೆಯಲ್ಲಿ ಬಟ್ಲರು.
ಭಾನುವಾರ ದೊರೆಯ ಮೇಜಿಗೆ ಸೂಫ್ಲೆ.
ಎಷ್ಟೋ ಸಾವಿರ ಅಡಿ ಕೆಳಗೆ ಬಂಡೆ ಸಿಡಿದರೆ
ಏರ್‌ಬ್ಲಾಸ್ಟ್: ಇಲ್ಲಿ ಪಿಂಗಾಣಿ ಗಲಗಲ,
ಗೋಡೆಯ ಮಾತೆ ಮರಿಯಳ ಪಟ ವಾರೆ,
ಓವನ್ನಿನೊಳಗೆ ಸೂಫ್ಲೆ ಪಿಸ್ಸೆಂದು ಕುಸಿಯುವುದು.
ಮೊದಲು ಅದಕ್ಕೆ ತಿಳಿಯುತ್ತಿತ್ತು,
ಸೈರನ್ನಿಗೆ ಆಮೇಲೆ.
ಅಪ್ಪ ಏಪ್ರನ್ ಬಿಚ್ಚದೆ ಓಡುವರು ಶಾಫ್ಟಿನ ಕಡೆ,
ತಮ್ಮ ಯಾವ ಪಾಳಿಯಲ್ಲಿದ್ದಾನೆಂದು
ಓಡುತ್ತಲೇ ಲೆಕ್ಕ ಹಾಕುತ್ತ.

ಒಂದು ಭಾನುವಾರ ಲೆಕ್ಕ ಕೂಡಿಬಂತು.
ದೊರೆಸಾನಿ ಮುಟ್ಟದೆ ಬಿಟ್ಟ ಬಟ್ಟಲನ್ನು
ರಾತ್ರಿ ಯಾರೋ ಮನೆಗೆ ತಂದುಕೊಟ್ಟರು.
ಹಸಿವಾಗಿತ್ತು ನಮಗೆ, ಮೂರು ಜನ ಮಕ್ಕಳು,
ಒಳಗೆ ಚಿಕ್ಕಮ್ಮ ಅಳುತ್ತಿದ್ದಳು,
ನಾವು ಬಟ್ಟಲು ನೆಕ್ಕಿದೆವು.
ತುಂಬ ರುಚಿಯಿತ್ತು, ಎಂದರು ಅತ್ತೆ
ಪಾದ್ರಿಗೆ ಪಾಪ ಒಪ್ಪಿಸುವ ದನಿಯಲ್ಲಿ.

ಗಣಿ ಮುಚ್ಚಿ ಎಷ್ಟು ಕಾಲವಾಯಿತು ಅತ್ತೆ,
ಒಳಗೆಲ್ಲ ನೀರು, ನೆಲ ಅಲ್ಲಾಡೋಲ್ಲ,
ಕೂತ್ಕೊಳ್ಳಿ, ಮಂಡಿ ನೋಯುತ್ತೆ.
ಕೈ ತೆಗೆಯಲಿಲ್ಲ.

ಎದ್ದಿತು.
ಬಟ್ಟಲಿನ ಅಂಚು ದಾಟಿ, ಒಂದು ಕಡೆ ವಾಲಿ,
ಸುತ್ತಲು ಬಾರದವನು ಸುತ್ತಿಕೊಂಡ ಪೇಟದ ಹಾಗೆ.
ಕುಣಿಯುತ್ತ ಬಂದ ಮಗಳು ಜೆಸಿಂತಾ
ಹೊಸ್ತಿಲಲ್ಲಿ ತುದಿಗಾಲಿಗೆ ಇಳಿದಳು.
ಯಾರೂ ಅವಳಿಗೆ ಹೇಳಿರಲಿಲ್ಲ.

ಚಮಚ ಇಟ್ಟೊಡನೆ ಉಸಿರು ಬಿಟ್ಟು ಕೂತಿತು.
ಅಂಚು ಸೀದಿತ್ತು, ನಡುವೆ ಹಸಿ,
ಮಾವು ಮಾತ್ರ ಮಾವೇ.
ಇನ್ನೊಂದು ಮೊಟ್ಟೆ ಹಾಕಬೇಕಿತ್ತು, ಎಂದರು ಅತ್ತೆ,
ತಿಂದರು, ಮತ್ತೆ ಬಟ್ಟಲು ಚಾಚಿದರು.

ಸಂಜೆ ಗೋಡೆ ಒರೆಸಲು ಹೋದೆ.
ಮೈದಾದ ಕೈಗುರುತು, ಐದೂ ಬೆರಳು,
ಅವರು ತೋರಿಸಿದ ಆ ಗೆರೆ ಕೂಡ ಸ್ಪಷ್ಟ.
ಒದ್ದೆ ಬಟ್ಟೆ ಕೆಳಗಿಟ್ಟು
ಜೆಸಿಂತಾಳ ಪೆನ್ಸಿಲು ತಂದು
ಸುತ್ತ ಗೀಟು ಎಳೆದೆ.