ಬಿಟ್ಟು ಹಿಡಿ

ಮೂರು ತಿಂಗಳು ಹಲ್ಲು ಕಚ್ಚಿ ಓಡಿದೆ.
ಮುಷ್ಟಿ ಬಿಗಿದು, ಹೆಗಲನ್ನು ಕಿವಿಯ ತನಕ ಎತ್ತಿ,
ಬಳ್ಳಾರಿ ಗುಡ್ಡವನ್ನು ನಾನೇ ಹೊತ್ತ ಹಾಗೆ
ಮುಖ ಗಂಟು ಹಾಕಿ.
ಸಾವಿರದಾರುನೂರು ಮೀಟರಿಗೆ ಏಳು ನಿಮಿಷ ಹತ್ತು.
ಪೊಲೀಸ್ ಆಯ್ಕೆಗೆ ಬೇಕಾದದ್ದು ಆರೂವರೆ.
ನಲವತ್ತು ಸೆಕೆಂಡು:
ಒಂದು ಪ್ಯಾಂಟಿಗೆ ಜೇಬು ಕೂರಿಸುವಷ್ಟು ಹೊತ್ತು.

ಹಗಲೆಲ್ಲ ನಾನು ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ
ಆರನೇ ಮಷೀನು. ಬೆರಳು ನೀಲಿ.
ಬೆವರೂ ನೀಲಿಯೇ ಇರಬೇಕು,
ಒರೆಸಿದ ಟವೆಲ್ಲು ಹಾಗೆನ್ನುತ್ತದೆ.

ಆವತ್ತು ದಾರ ಕಡಿಯಿತು. ಪೋಣಿಸಿದೆ. ಕಡಿಯಿತು.
ಮೂರನೇ ಸಲ ಪೆಡಲಿಗೆ ಒದ್ದೆ.
ಖಾಜಾಬನ್ನಿ ಚಾಚಿ ತನ್ನ ಮಷೀನು ನಿಲ್ಲಿಸಿ ಎದ್ದು ಬಂದಳು.
ಸೂಜಿ ನೋಡಲಿಲ್ಲ, ಬಟ್ಟೆ ನೋಡಲಿಲ್ಲ,
ದಾರವನ್ನು ಉಗುರಿನಿಂದ ಮೀಟಿ ಒಂದು ಗಳಿಗೆ ಕಿವಿಗೊಟ್ಟಳು.
ಟೆನ್ಶನ್ ತಿರುಪು, ಎಡಕ್ಕೆ, ಅರ್ಧ ಸುತ್ತು.
"ಬಟ್ಟಿ ದಪ್ಪ ಐತಂತ ದಾರಕ್ಕೂ ಸಿಟ್ಟು ಬರಬೇಕೇನೋ ಎರ್ರಿಸ್ವಾಮಿ?
ಬಿಟ್ಟು ಹಿಡಿ."

ಮಷೀನು ಹಾರಿಕೊಂಡು ಹೋಯಿತು,
ಅವಸರವೇ ಇಲ್ಲದೆ.

ಟೆನ್ಶನ್ ತಗೋಬ್ಯಾಡ ಅಂತ ಊರೆಲ್ಲ ಹೇಳಿತ್ತು.
ಎಲ್ಲಿ ತಿರುಗಿಸಬೇಕು ಅಂತ
ಯಾರೂ ತೋರಿಸಿರಲಿಲ್ಲ.

ಮರುದಿನ ನಸುಕು. ಮೈದಾನ.
ಅದಿರಿನ ಲಾರಿಗಳು ಇನ್ನೂ ಮಲಗಿಲ್ಲ.
ಗುಡ್ಡದ ಬಂಡೆ ನಿನ್ನೆಯ ಬಿಸಿಲನ್ನು
ಮೆಲ್ಲಗೆ ಬಿಡುತ್ತಿದೆ. ಅದೂ
ಬಿಟ್ಟೇ ನಿಂತಿದೆ, ಎಷ್ಟು ಕಾಲದಿಂದಲೋ.
ಒಗ್ಗಾಣಿ ಅಂಗಡಿಯಿಂದ ಮಂಡಾಳು ತಂದಿದ್ದೆ,
ಮುಷ್ಟಿಗೊಂದೇ ಕಾಳು.
ಪುಡಿಯಾದರೆ ಸೋತೆ.

ಮೊದಲ ಸುತ್ತಿನಲ್ಲೇ ಎಡಗೈಯದು ಹೋಯಿತು.
ಬಲಗೈಯದನ್ನು ಕಾಯುತ್ತ ನನ್ನ ತಿರುಪುಗಳನ್ನು ಹುಡುಕಿದೆ.
ದವಡೆಯಲ್ಲಿ ಒಂದು. ಸಡಿಲಿಸಿದೆ, ಕೆನ್ನೆ ಕುಣಿಯತೊಡಗಿತು,
ನಾಚಿಕೆಯಾಯಿತು, ಕುಣಿಯಲಿ ಅಂದೆ.
ಹೆಗಲು ತಾನಾಗಿ ಇಳಿಯಿತು,
ಮೂಟೆ ಇಳಿಸಿದ ಹಮಾಲನಂತೆ ಕೈಗಳು ಅತ್ತಿತ್ತ.
ಹುಬ್ಬಿನ ನಡುವೆ ಇದ್ದದ್ದು, ಅಪ್ಪನಿಂದ ಬಂದದ್ದಿರಬೇಕು,
ತುಕ್ಕು ಹಿಡಿದಿತ್ತು.
ಅದು ಪೂರ್ತಿ ತಿರುಗಲಿಲ್ಲ.
ಆಮೇಲೆ ಕಾಲು ನನ್ನನ್ನು ಕೇಳುವುದು ಬಿಟ್ಟವು.
ನೆಲ ಹಿಂದಕ್ಕೆ ಜಾರಿತು, ಬಟ್ಟೆ ಸೂಜಿಯ ಕೆಳಗೆ ಜಾರುವ ಹಾಗೆ.
ಉಸಿರು ಹೊಲಿಯುತ್ತ ಬಂತು, ಒಂದೇ ಅಳತೆ, ಒಂದೇ ಸಾಲು.

ಗಾದಿಲಿಂಗ ಫೋನು ಹಿಡಿದು ನಿಂತಿದ್ದ.
"ಲೇ, ನಿದ್ದಿಗಣ್ಣಾಗ ಬಂದಂಗ ಬಂದೀ,
ಇವತ್ತು ನಿಧಾನ ಆತು ಅಂದ್ಕಂಡಿದ್ದೆ" ಅಂದ.
ಆರು ನಲವತ್ತೊಂದು.
ಇನ್ನೂ ಹನ್ನೊಂದು ಉಳಿದಿವೆ,
ಗುಂಡಿ ಹಾಕುವಷ್ಟು.

ಬಲಗೈ ಬಿಡಿಸಿ ನೋಡಿದೆ:
ಬೆವರಿಗೆ ಮೆತ್ತಗಾಗಿ, ತುಸು ನೀಲಿಯಾಗಿ,
ಇಡಿಯಾಗಿ ಒಂದು ಕಾಳು.
ಬಾಯಿಗೆ ಹಾಕಿಕೊಂಡೆ.
ಉಪ್ಪು ಸರಿಯಾಗಿತ್ತು.