ಉಪ್ಪಿನ ಲೆಕ್ಕ

ಹಿದ್‌ನ ನೀರಿನ ಸ್ಥಾವರದಲ್ಲಿ ಇಪ್ಪತ್ತೆರಡು ವರ್ಷ
ಕಡಲಿಂದ ಉಪ್ಪು ತೆಗೆದ ದುರ್ಗಯ್ಯ ಮೊಗೇರ
ಈಗ ನನ್ನ ಮಂಚದಲ್ಲಿ ಎಡಮಗ್ಗುಲಾಗಿ ಮಲಗಿದ್ದಾನೆ.
ಪಕ್ಕೆಯ ಮೇಲೆ ತಣ್ಣನೆ ಜೆಲ್.
ಮುಹರಖ್‌ಗೆ ಇಳಿಯುವ ವಿಮಾನಕ್ಕೆ
ಕಿಟಕಿ ಗುಂಯ್ ಅನ್ನುತ್ತದೆ.

ಪರದೆಯಲ್ಲಿ ಅವನ ಹೃದಯದ ಎಡಕೋಣೆ.
ರಂಜಾನಿಗೆ ವಾರ ಮುಂಚೆ ಸತ್ತ ಸ್ನಾಯುವಿನ ಜಾಗಕ್ಕೆ
ಯಾರೋ ಬಿಳಿ ಗಾರೆ ಮೆತ್ತಿದ್ದಾರೆ.
ಮೆತ್ತಲಿ, ತೂತು ಮುಚ್ಚಲೇಬೇಕಲ್ಲ.
ಆದರೆ ಬದುಕಿರುವ ಗೋಡೆಗೂ ಮೆತ್ತುತ್ತಿದ್ದಾರೆ,
ಕೋಣೆ ಉಬ್ಬಿ ಕುಂಬಳಕಾಯಿಯಾಗುತ್ತಿದೆ,
ನೂರು ಪಾಲು ತುಂಬಿದರೆ ಮೂವತ್ತನಾಲ್ಕು ಹೊರಗೆ.

ಯಾರು ಈ ಮೇಸ್ತ್ರಿ?
ಡಾಕ್ಟರ್ ಸಬೀಹಾ ಒಮ್ಮೆ
ಖಾಲಿ ಕೈಗವಸಿನ ಡಬ್ಬಿಯ ಮೇಲೆ ಗೀಚಿ ತೋರಿಸಿದ್ದರು:
ಜೀವಕೋಶದೊಳಗೆ ಕಾದು ಕೂತವನೊಬ್ಬ, ಗ್ರಾಹಿ.
ಕಿಡ್ನಿಯ ನೆತ್ತಿಯಿಂದ ಹಾರ್ಮೋನು ಇಳಿದು ಬಂದು
ಕೈ ಹಿಡಿಯುವ ತನಕ ಏಳುವವನಲ್ಲ.
ಎದ್ದರೆ ಸೀದಾ ಕೋಶಕೇಂದ್ರಕ್ಕೆ ಹೋಗಿ
ವಂಶದ ಕಡತದಲ್ಲಿ ತನ್ನ ಪುಟ ಬಿಚ್ಚಿಸಿ
ಓದಿಸುತ್ತಾನೆ:
ಉಪ್ಪು ಹಿಡಿದಿಡು. ನೀರು ಹಿಡಿದಿಡು. ನಾರು ನೇಯಿ.
ಉಪ್ಪೇ ಸಿಗದ ಕಾಡಲ್ಲಿ ಅಲೆದವರ ಕಾಲದ ಓಲೆ,
ಆಳ್ವೆಕೋಡಿಯ ದಂಡೆಯಲ್ಲಿ ಹುಟ್ಟಿದವನಿಗೂ ಅದನ್ನೇ.

"ಹಾಂಗಾರೆ ನಮ್ ಪ್ಲಾಂಟಿನ ಉಲ್ಟಾ" ಅಂದ ದುರ್ಗಯ್ಯ.
"ನಾವು ಉಪ್ಪು ಸಮುದ್ರಕ್ಕೇ ವಾಪಸ್ ಬಿಡೂದು,
ಇಂವ ಒಳಗೆ ಕೂಡಿಡೂದು."

ಹಾರ್ಮೋನು ಕೂರುವ ಕುರ್ಚಿಯಲ್ಲಿ ಈಗ
ಇಪ್ಪತ್ತೈದು ಮಿಲಿಗ್ರಾಂ ಮಾತ್ರೆ ಕೂತಿದೆ, ಮಾತಿಲ್ಲ, ಕತೆಯಿಲ್ಲ.
ಆದರೆ ಅದಕ್ಕೆ ನೆರೆಮನೆಯ ಬಾಗಿಲೂ ಒಂದೇ;
ಗಂಡು ಹಾರ್ಮೋನಿನ ಕುರ್ಚಿಯಲ್ಲೂ ಕೂತುಬಿಡುತ್ತದೆ.
ಪ್ರೋಬು ತಾಗಿದ್ದೇ ಅವನು ಹಿಂಜಗ್ಗಿದ.
ಮೊಲೆ ಬಾತಿದೆ, ನೋಯುತ್ತದೆ.
ಆರು ಮಂದಿಯ ಕೋಣೆಯಲ್ಲಿ ಎರಡು ತಿಂಗಳಿಂದ
ಬನಿಯನ್ ತೆಗೆಯದೆ ಸ್ನಾನ,
ಯಾರಿಗೂ ಹೇಳಿಲ್ಲ.
ನಾನು ಬರೆದುಕೊಂಡೆ. ಬೇರೆ ಮಾತ್ರೆ ಇದೆ, ದುಬಾರಿ,
ವಿಮೆಯವರನ್ನು ಕೇಳಬೇಕು.

ಪೊಟ್ಯಾಸಿಯಂ ಏರುತ್ತದೆ, ಖರ್ಜೂರ ಕಡಿಮೆ ಮಾಡಿ, ಅಂದೆ.
ಉಪ್ಪಂತೂ ಬೇಡವೇ ಬೇಡ.
"ಉಪ್ಪು ತಿಂದವ ನೀರು ಕುಡೀಬೇಕು ಅಂತಾರೆ,
ನಂಗೆ ನೀರೂ ಅಳ್ದೇ ಕೊಡ್ತ್ರಲ್ಲ."

ಅಂಗಿಯ ಗುಂಡಿ ಹಾಕುತ್ತ, ಬಾಗಿಲ ಬಳಿ ನಿಂತು:
"ಒಂದ್ ಮಾತು. ಪೂರ್ತಿ ಸೋಸಿದ್ ನೀರು ಪೈಪನ್ನೇ ತಿಂತದೆ.
ಅದ್ಕೆ ಕಡೀಗೆ ನಾವು
ಚೂರು ಸುಣ್ಣ ವಾಪಸ್ ಹಾಕೂದು.
ಗಂಜಿಗೆ ಒಂದೇ ಚಿಟಿಕೆ..."

ನನ್ನ ಕೈಯಲ್ಲಿ ಪ್ರೋಬು ಒರೆಸುವ ಬಟ್ಟೆ.
ಹೊರಗೆ ಮುಂದಿನವರ ಹೆಸರು ಕೂಗುತ್ತಿದ್ದರು.