ಒಳಗೆ ಬಿಟ್ಟ ಬಟ್ಟೆ

ಹಾಸನದ ಸಾಲಗಾಮೆ ರಸ್ತೆ, ಜೆರಾಕ್ಸ್ ಅಂಗಡಿಯ ಪಕ್ಕ
ಮೂರು ಮೆಟ್ಟಿಲಿಳಿದರೆ ನನ್ನ ಮಿಷನ್ನು.
ಇಪ್ಪತ್ತೆರಡು ವರ್ಷದ ಅಳತೆ ಪುಸ್ತಕ:
ಎದೆ, ಸೊಂಟ, ತೋಳು, ಕಂಕುಳು.
ಹೆಸರು ಮರೆತರೂ ಸುತ್ತಳತೆ ಮರೆತವಳಲ್ಲ.

ಅಂಕಿಗಳು ಏರುವುದೇ ಇಲ್ಲಿ ವಾಡಿಕೆ.
ಮದುವೆಗೆ ಮೂವತ್ತೆರಡು, ಬಾಣಂತನಕ್ಕೆ ಮೂವತ್ತಾರು,
ಮಗಳ ಮದುವೆಗೆ ನಲವತ್ತೆರಡು.
ಅದಕ್ಕೇ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುತ್ತೇನೆ,
ಬೇಕಾದಾಗ ಒಂದು ಹೊಲಿಗೆ ಬಿಚ್ಚಿದರಾಯಿತು.
ಮೈ ಬೆಳೆಯುತ್ತದೆ,
ಅದೇ ಬಣ್ಣದ ಬಟ್ಟೆ ಮತ್ತೆ ಸಿಗುವುದಿಲ್ಲ.

ಈ ವರ್ಷ ಮೊದಲ ಸಲ ಅಂಕಿಗಳು ಹಿಂದಕ್ಕೆ ನಡೆದವು.

ಕಾಲೇಜಿನ ದಾಕ್ಷಾಯಿಣಿ ಮೇಡಂ
ಯುಗಾದಿಗೆ ನಲವತ್ತನಾಲ್ಕು, ಗೌರಿಗೆ ನಲವತ್ತು.
ವಾರಕ್ಕೊಂದು ಸೂಜಿ, ಹೊಟ್ಟೆಗೆ, ಭಾನುವಾರ ಬೆಳಿಗ್ಗೆ.
ಫ್ರಿಜ್ಜಿನಲ್ಲಿ ಹೆಪ್ಪಿನ ಬಟ್ಟಲ ಪಕ್ಕ ಇಟ್ಟಿರುತ್ತಾರಂತೆ.
"ಹಸಿವು ಈಗ ಹಾಸನಾಂಬೆ ಬಾಗಿಲು ಕಣೇ ವನಜಾ,
ವರ್ಷಕ್ಕೊಂದು ಸಲ ತೆಗೆದರೆ ಹೆಚ್ಚು.
ಬಡಿಸಿದ ಅನ್ನ ಬಡಿಸಿದ ಹಾಗೇ ಇರುತ್ತೆ."
ನಕ್ಕರು. ಬಾಯಲ್ಲಿ ಗುಂಡುಪಿನ್ನು ಕಚ್ಚಿದ್ದೆ, ನಗಲಿಲ್ಲ.
ಸೂಜಿಯಿಂದ ಸೊಂಟ ಇಳಿಸುವುದು ನನಗೂ ಗೊತ್ತಿರುವ ಕಸುಬು,
ನಾನು ಇಳಿಸುವುದು ಬಟ್ಟೆಯದ್ದು, ಅಷ್ಟೆ.

ಹಾಸ್ಟೆಲಿನ ಅಡುಗೆಯ ಕೆಂಪರಾಜಮ್ಮ,
ಇನ್ನೂರ ಹತ್ತು ಹುಡುಗಿಯರಿಗೆ ಮುದ್ದೆ ಕಟ್ಟುವ ಕೈ.
ಡಾಕ್ಟರು ನಡೀಬೇಕಮ್ಮ ಅಂದದ್ದಕ್ಕೆ
ನಾಲ್ಕೂವರೆಗೆ ಎದ್ದು ಸ್ಟೇಡಿಯಂ ಸುತ್ತುತ್ತಾಳೆ,
ಮಗನ ಹಳೇ ಶೂ, ಸೀರೆಯ ಮೇಲೆ ಸ್ವೆಟರು.
ಎರಡು ಮುದ್ದೆ ಒಂದಾಯಿತು, ಒಂದು ಅರ್ಧವಾಯಿತು.
ಉಪ್ಪು ನೋಡಲು ನಾಲಿಗೆಗಿಟ್ಟದ್ದನ್ನು
ಬಚ್ಚಲಿಗೆ ಹೋಗಿ ಉಗಿದು ಬರುತ್ತಾಳೆ.
ವರ್ಷಕ್ಕೆ ಇಳಿದದ್ದು ಒಂದೂವರೆ ಇಂಚು.
ಅದರಲ್ಲೂ ಅರ್ಧ ದೀಪಾವಳಿ ವಾಪಸ್ಸು ತಗೊಂಡಿತು.

ಟೇಪಿಗೆ ನ್ಯಾಯ ಗೊತ್ತಿಲ್ಲ.
ಸುತ್ತಿದಷ್ಟನ್ನು ಹೇಳಿ ಸುರುಳಿಯಾಗುತ್ತದೆ.

ಒಂದು ಶನಿವಾರ ಇಬ್ಬರೂ ಒಟ್ಟಿಗೇ ಬಂದರು,
ಒಂದೇ ಸ್ಟೂಲು, ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ,
ಕೊನೆಗೆ ಇಬ್ಬರೂ ನಿಂತೇ ಇದ್ದರು.
"ತಿಂಗಳಿಗೆ ಎಷ್ಟಾಗುತ್ತೆ ಮೇಡಂ, ಆ ಸೂಜಿಗೆ?"
ಹೇಳಿದರು.
ಕೆಂಪರಾಜಮ್ಮ ಬೆರಳ ಗೆಣ್ಣಲ್ಲಿ ಲೆಕ್ಕ ಹಾಕಿ
"ನನ್ನ ಸಂಬಳ, ಮೇಲೊಂದು ಸಿಲಿಂಡರು" ಅಂದಳು.
ದೂರಿನ ದನಿಯಲ್ಲ. ತರಕಾರಿ ರೇಟು ಒಪ್ಪಿಕೊಂಡ ಹಾಗೆ.

ಮೇಡಂ ಕನ್ನಡಿಯ ಕಡೆ ತಿರುಗಿ ಹೇಳಿದರು:
"ನಾನೂ ನಡೆದೆ ಕಣಮ್ಮ, ಹನ್ನೊಂದು ವರ್ಷ.
ಮಹಾರಾಜ ಪಾರ್ಕಿನ ಬೆಂಚು ಬೆಂಚಿಗೂ ನನ್ನ ಏದುಸಿರು ಗೊತ್ತು.
ಹತ್ತು ಕೆಜಿ ಹೋಗುತ್ತಿತ್ತು, ಹನ್ನೆರಡು ಬರುತ್ತಿತ್ತು.
ಈಗ ಸ್ಟಾಫ್ ರೂಮಿನಲ್ಲಿ ಸುಲಭದ ದಾರಿ ಅಂತಾರೆ.
ವಾಂತಿಯ ರಾತ್ರಿಗಳಲ್ಲಿ ಅವರು ಯಾರೂ ಇರಲಿಲ್ಲ."

ಆಮೇಲೆ, ಸುಮ್ಮನೆ, "ಇವತ್ತು ಹಾಸ್ಟೆಲಲ್ಲಿ ಏನು ಸಾರು?"
"ಹುರುಳಿಕಟ್ಟು."
"ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕ್ತೀಯಾ, ಇಡೀದಾಗಿಯಾ?"
"ಜಜ್ಜಿ. ಸಿಪ್ಪೆ ಸಮೇತ."
ಮೇಡಂ ಕಣ್ಣು ಮುಚ್ಚಿ ಮೂಗೆಳೆದರು,
ಎಲ್ಲೋ ಇಟ್ಟ ಬೀಗದಕೈ ನೆನಪಿಸಿಕೊಳ್ಳುವವರ ಹಾಗೆ.
ಸಿಗಲಿಲ್ಲ ಅನ್ನಿಸುತ್ತದೆ.

ಹೊರಡುವಾಗ ಅಂದರು: "ಒಳಗೆ ಬಿಟ್ಟ ಬಟ್ಟೆ ಕತ್ತರಿಸಿಬಿಡು,
ಮತ್ತೆ ಆ ಅಳತೆಗೆ ಹೋಗಲ್ಲ."
ಸೂಜಿ ನಿಲ್ಲಿಸಿದ ಮೇಲೆ? ಕೇಳಬೇಕೆಂದುಕೊಂಡೆ.
ಹೂಂ ಅಂದೆ.
"ನಂದು ಹಾಗೇ ಇರಲಿ" ಅಂದಳು ಕೆಂಪರಾಜಮ್ಮ,
"ಮುಂದೆ ಸಂಕ್ರಾಂತಿ ಐತೆ."

ರಾತ್ರಿ ಅರ್ಧ ಷಟರ್ ಎಳೆದು ಕತ್ತರಿ ಎತ್ತಿಕೊಂಡೆ.
ಹಾಗೇ ಕೆಳಗಿಟ್ಟೆ.
ಹೆಚ್ಚಿನ ಬಟ್ಟೆ ಮಡಿಸಿ, ಮೈಗೆ ಒತ್ತದ ಹಾಗೆ,
ಕಣ್ಣಿಗೆ ಬೀಳದ ಹಾಗೆ ಕೈಹೊಲಿಗೆ ಹಾಕಿದೆ,
ಇಬ್ಬರದಕ್ಕೂ.

ನನ್ನ ಅಳತೆ ಪುಸ್ತಕದಲ್ಲಿಲ್ಲ.
ನನ್ನ ರವಿಕೆ ನಾನು ಅಂದಾಜಿಗೇ ಹೊಲಿದುಕೊಳ್ಳುವುದು.
ದೀಪ ಆರಿಸುವಾಗ ನೋಡಿಕೊಂಡೆ,
ಟೇಪು ಇನ್ನೂ ಕೊರಳಲ್ಲೇ ಇತ್ತು.